ನಾಲ್ಕು ಹತ್ತರ ಬಿಸಿಲು

“ಅಲ್ಲೇ ನಿಲ್ಲಿಸಿ. ಸ್ವಲ್ಪ ಹಿಂದಕ್ಕೆ ಹೋಗಿ. ಹಾಂ, ಸಾಕು.”

ಪತ್ತೇದಾರಮ್ಮ ಹೇಳಿದ ಕಡೆ ಹೆಡ್‌ಮಿಸ್ ಗುಂಡಿ ಒತ್ತಿದರು. ಕಂಪ್ಯೂಟರ್ ಕೋಣೆಯ ಬಿಳಿ ಗೋಡೆಯ ಮೇಲೆ ಒಬ್ಬ ಹುಡುಗಿಯ ಮುಖ ದೊಡ್ಡದಾಗಿ ನಿಂತುಕೊಂಡಿತು. ಅವಳ ಹಿಂದೆ ಶಾಲೆಯ ವರಾಂಡ, ವರಾಂಡದ ಕೊನೆಗೆ ಹೆಡ್‌ಮಿಸ್ ಕೋಣೆಯ ಬಾಗಿಲು, ಬಾಗಿಲ ಮೇಲೆ ಗಡಿಯಾರ. ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಬಾಗಿಲು ತೆರೆದು ಹೊರಗೆ ಬರುತ್ತಿದ್ದವನು ಶಾಲೆಯ ಜವಾನ. ಹದಿನೆಂಟು ವರ್ಷದಿಂದ ಗಂಟೆ ಬಾರಿಸುತ್ತಿದ್ದುದರಿಂದ ಮಕ್ಕಳಿಗೆಲ್ಲ ಅವನು ಗಂಟೆಯಣ್ಣ. ಅವನ ಕಂಕುಳಲ್ಲಿ ಕಂದು ಕಾಗದದಲ್ಲಿ ಸುತ್ತಿದ ಒಂದು ಕಟ್ಟು.

ಹೋದ ಶುಕ್ರವಾರ ಸಂಜೆ ನಾಲ್ಕರಿಂದ ನಾಲ್ಕೂವರೆಯೊಳಗೆ ಆ ಕೋಣೆಯ ಬೀರುವಿನಿಂದ ಮಾಯವಾದದ್ದೂ ಕಂದು ಕಾಗದದ ಕಟ್ಟೇ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಗಳು, ಮೊಹರು ಸಮೇತ.

ಮೊನ್ನೆ ಬುಧವಾರ ಶಾಲೆಯ ಕಿರುಚಿತ್ರ ಪ್ರದರ್ಶನದಲ್ಲಿ ಒಂಬತ್ತನೇ ತರಗತಿಯ ಮಕ್ಕಳ ‘ಒಳಗೆ ಬರಲಾ?’ ಓಡುತ್ತಿದ್ದಾಗ ಇನ್ನೂರು ಜನ ತಂದೆತಾಯಿ ಈ ದೃಶ್ಯ ನೋಡಿದ್ದರು. ತಪ್ಪೊಪ್ಪಿಗೆಯ ಪತ್ರ ಹಿಡಿದ ಹುಡುಗಿಯೊಬ್ಬಳು ಹೆಡ್‌ಮಿಸ್ ಕೋಣೆಯ ಹೊರಗೆ ನಿಂತು, ಒಳಗೂ ಹೋಗಲಾರದೆ ಮನೆಗೂ ಹೋಗಲಾರದೆ ಒದ್ದಾಡುವ ಆರು ನಿಮಿಷದ ಕಥೆ. ಹುಡುಗಿಯ ಒದ್ದಾಟವನ್ನು ಯಾರೂ ನೋಡಲಿಲ್ಲ. ಆಡಳಿತ ಮಂಡಳಿಯ ಕಾರ್ಯದರ್ಶಿ ಕುರ್ಚಿಯಿಂದ ಎದ್ದು ಗಡಿಯಾರದ ಕಡೆ ಕೈ ತೋರಿಸಿದರು, ಅಷ್ಟೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಎಲ್ಲಿ ಬರ? ಮರುದಿನ ಬೆಳಿಗ್ಗೆ ಗಂಟೆಯಣ್ಣನನ್ನು ಕೆಲಸದಿಂದ ನಿಲ್ಲಿಸಿದರು. ಇವತ್ತು ಐದು ಗಂಟೆಗೆ ಅವನ ಮೇಲೆ ಪೊಲೀಸರಿಗೆ ದೂರು ಹೋಗಲಿತ್ತು.

“ಇದು ಹನ್ನೊಂದನೇ ಸಲ ನೋಡ್ತಾ ಇರೋದು, ಮೇಡಂ,” ಎಂದರು ಹೆಡ್‌ಮಿಸ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಪತ್ತೇದಾರಮ್ಮನನ್ನು ಕರೆಸಿದವರೂ ಅವರೇ. ಗಂಟೆಯಣ್ಣ ಕದ್ದಾನೆಂದು ಅವರ ಮನಸ್ಸು ಒಪ್ಪುತ್ತಿರಲಿಲ್ಲ, ಕಣ್ಣು ಮಾತ್ರ ಒಪ್ಪಿಬಿಟ್ಟಿತ್ತು.

ಪತ್ತೇದಾರಮ್ಮ ಗೋಡೆಯ ಚಿತ್ರದ ಹತ್ತಿರಕ್ಕೆ ಸರಿದರು. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕೂತು ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದ ಹೆಂಗಸು. ಕಣ್ಣಾರೆ ಕಂಡೆ ಅಂದವರ ಮಾತನ್ನು ಬೆರಳಾರೆ ಕುಟ್ಟಿ ಕುಟ್ಟಿ, ಆ ಮಾತಿನ ಮೇಲಿನ ನಂಬಿಕೆಯೇ ಸವೆದುಹೋಗಿತ್ತು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಈ ಪತ್ತೆಯ ಕೆಲಸಕ್ಕೆ ಕೈಹಾಕಿದ್ದರು. ಮೊಣಕಾಲು ನೋವು, ಮೂಗಿನ ತುದಿಗೆ ಕೋಪ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಒಂದು ಗಾದೆ, ಇಷ್ಟೇ ಅವರ ಬಂಡವಾಳ.

ಈಗ ಅವರು ಗಡಿಯಾರ ನೋಡುತ್ತಿರಲಿಲ್ಲ. ಕಟ್ಟನ್ನೂ ನೋಡುತ್ತಿರಲಿಲ್ಲ. ಹುಡುಗಿಯ ಮೂಗು ನೋಡುತ್ತಿದ್ದರು. ಮೂಗಿನ ನೆರಳು ಬಲಗೆನ್ನೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಎಡಗಡೆಯ ಕಿಟಕಿಗಳಿಂದ ಬಂದ ಬಿಸಿಲು ವರಾಂಡದ ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಹರಡಿ, ಗಂಟೆಯಣ್ಣನ ಚಪ್ಪಲಿಯವರೆಗೂ ಹೋಗಿತ್ತು.

“ಈಗ ಗಂಟೆ ಎಷ್ಟು?”

“ನಾಲ್ಕು ಎಂಟು.”

“ಬನ್ನಿ ನನ್ನ ಜೊತೆ.”

ಇಬ್ಬರೂ ವರಾಂಡಕ್ಕೆ ಬಂದರು. ಪತ್ತೇದಾರಮ್ಮ ಸಿನಿಮಾದ ಹುಡುಗಿ ನಿಂತಿದ್ದ ಜಾಗವನ್ನು ಹುಡುಕಿ, ಅವಳ ಹಾಗೆಯೇ ಬಾಗಿಲಿಗೆ ಬೆನ್ನು ಮಾಡಿ ನಿಂತರು. ಎಡಗಡೆ ಅವೇ ಕಿಟಕಿಗಳು. ಹೊರಗೆ ಕಟ್ಟಡದ ನೆರಳು ಕಾಂಪೌಂಡ್ ಗೋಡೆ ದಾಟಿ ರಸ್ತೆಗೆ ಬಿದ್ದಿತ್ತು. ವರಾಂಡದಲ್ಲಿ ಒಂದು ಹನಿ ಬಿಸಿಲಿಲ್ಲ. ಸೂಚನಾ ಫಲಕ ಓದಬೇಕಾದರೆ ದೀಪ ಹಾಕಬೇಕು, ಅಷ್ಟು ಮಬ್ಬು. ಬಾಗಿಲ ಮೇಲಿನ ಗಡಿಯಾರದ ಮುಳ್ಳು ಹತ್ತು ನಿಮಿಷಕ್ಕೆ ಬಂದು ನಿಂತಿತು.

ಈ ವರಾಂಡಕ್ಕೆ ಬಿಸಿಲು ಯಾವಾಗ ಬರುತ್ತದೆ ಎಂದು ಅವರು ಕೇಳಿದರು.

“ಬೆಳಿಗ್ಗೆ. ಮೊದಲನೇ ಪೀರಿಯಡ್ ಮುಗಿಯೋಷ್ಟರಲ್ಲಿ ಹೋಗಿಬಿಡುತ್ತೆ...” ಹೆಡ್‌ಮಿಸ್ ಮಾತು ಅರ್ಧಕ್ಕೇ ನಿಂತಿತು. ಅವರು ಕಿಟಕಿ ನೋಡಿದರು, ನೆಲ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಗೋಡೆಗೆ ಒರಗಿಕೊಂಡರು.

“ಗಡಿಯಾರ ಹೇಳಿಕೊಟ್ಟ ಹಾಗೆ ಸುಳ್ಳು ಹೇಳುತ್ತೆ, ಮೇಡಂ. ಸೂರ್ಯನಿಗೆ ಹೇಳಿಕೊಡೋಕೆ ಆಗಲ್ಲ,” ಎಂದರು ಪತ್ತೇದಾರಮ್ಮ. “ಆ ಸಿನಿಮಾದ ನಿರ್ದೇಶಕಿ ಎಲ್ಲಿ? ಕರೀರಿ.”

*

ನಿರ್ದೇಶಕಿಗೆ ತರಗತಿಯವರು ಇಟ್ಟ ಹೆಸರು ಆಕ್ಷನ್. ಆ ಒಂದು ಶಬ್ದವನ್ನು ಅವಳು ಕೂಗಿದರೆ ಪಕ್ಕದ ಬೀದಿಯ ಬೈಕುಗಳೂ ಹೊರಟುಬಿಡುತ್ತವೆ ಎಂದು ತಮಾಷೆ. ಮೊಣಕೈವರೆಗಿನ ಎರಡು ಜಡೆ, ಶಾಯಿ ಮೆತ್ತಿದ ಬೆರಳು. ಇವತ್ತು ಮಾತ್ರ ಅವಳ ಕಣ್ಣು ಕೆಂಪಗಿದ್ದವು, ದನಿ ಗಂಟಲಲ್ಲೇ ಇತ್ತು. ಲೈಬ್ರರಿಯ ಉದ್ದ ಮೇಜಿನ ತುದಿಯಲ್ಲಿ, ಏಳಲು ಸುಲಭವಾಗುವ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಳು.

ಹೆಡ್‌ಮಿಸ್ ನೇರವಾಗಿ ಗಡಿಯಾರದ ಮಾತೆತ್ತಿದರು. ಹುಡುಗಿ ಯಾವ ಗಡಿಯಾರ ಅಂದಳು. ಯಾವತ್ತು ಚಿತ್ರೀಕರಣ ಮಾಡಿದ್ದು ಅಂದರೆ ಶುಕ್ರವಾರ ಅಂದಳು. ಎಷ್ಟು ಹೊತ್ತಿಗೆ ಅಂದರೆ, ಸಿನಿಮಾದಲ್ಲಿ ಕಾಣುತ್ತಲ್ಲ ಮಿಸ್ ಅಂದಳು. 

ಪತ್ತೇದಾರಮ್ಮ ಹೆಡ್‌ಮಿಸ್‌ಗೆ ಸುಮ್ಮನಿರಲು ಕಣ್ಸನ್ನೆ ಮಾಡಿ, ಬೇರೆಯೇ ದಾರಿ ಹಿಡಿದರು. ಸಿನಿಮಾ ಹೊಗಳಿದರು. ಬರೀ ಬಾಯಿಮಾತಿಗಲ್ಲ, ಅವರಿಗೆ ನಿಜಕ್ಕೂ ಹಿಡಿಸಿತ್ತು. ಹುಡುಗಿಯ ಮುಖವನ್ನೇ ಅಷ್ಟು ಹೊತ್ತು ತೋರಿಸುವುದಕ್ಕೆ ಧೈರ್ಯ ಬೇಕು ಅಂದರು. ಆಕ್ಷನ್ ಮುಖ ಮೇಲೆತ್ತಿದಳು.

“ಒಂದು ಮಾತ್ರ ಅರ್ಥ ಆಗಲಿಲ್ಲ ಕಣಮ್ಮ. ನಾನು ಸಿನಿಮಾಗಳಲ್ಲಿ ನೋಡಿದೀನಿ, ಈ ಶಾಟ್‌ನಲ್ಲಿ ಜಡೆ ಮುಂದೆ, ಮುಂದಿನ ಶಾಟ್‌ನಲ್ಲಿ ಹಿಂದೆ. ದೊಡ್ಡ ದೊಡ್ಡೋರೇ ತಪ್ಪು ಮಾಡ್ತಾರೆ. ನಿಮ್ಮದರಲ್ಲಿ ಆರು ನಿಮಿಷವೂ ಎಡಗಡೆ ಜಡೆ ಮುಂದೇನೇ ಇದೆ. ಅದ್ಹೇಗೆ?”

“ನಾವು ಎಲ್ಲಾ ಬರೆದಿಟ್ಕೋತೀವಿ,” ಅಂದಳು ಹುಡುಗಿ. ಮೊದಲ ಸಲ ದನಿ ಗಂಟಲಿಂದ ಹೊರಗೆ ಬಂತು. “ಜಡೆ, ಗುಂಡಿ, ಪತ್ರ ಯಾವ ಕೈಯಲ್ಲಿತ್ತು, ಬಾಗಿಲು ಎಷ್ಟು ತೆರೆದಿತ್ತು, ಎಲ್ಲಾ. ಒಂದೊಂದು ಶಾಟ್‌ಗೂ ಒಂದೊಂದು ಪುಟ. ಇಲ್ಲಾಂದ್ರೆ ನೋಡೋರಿಗೆ ಗೊತ್ತಾಗಿಬಿಡುತ್ತೆ, ಬೇರೆ ಬೇರೆ ದಿನ ತೆಗೆದಿದ್ದು ಅಂತ.”

ಹೇಳುತ್ತ ಹೇಳುತ್ತ ಚೀಲದಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೇಬಿಟ್ಟಳು. ಇಟ್ಟ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೇ ಕೇಳಿಸಿತು. ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಪತ್ತೇದಾರಮ್ಮನ ಅಂಗೈ ರಟ್ಟಿನ ಮೇಲಿತ್ತು. ಕಸುಬಿನ ಹೆಮ್ಮೆಯಿಂದ ಬಾಯಿಬಿಟ್ಟವರನ್ನು ಅವರು ಕೋರ್ಟಿನಲ್ಲಿ ಬೇಕಾದಷ್ಟು ನೋಡಿದ್ದರು. ಈ ಮಗುವಿನ ವಿಷಯದಲ್ಲಿ ಮಾತ್ರ ಅವರಿಗೆ ಸ್ವಲ್ಪ ನಾಚಿಕೆಯಾಯಿತು.

ಹದಿನಾಲ್ಕನೇ ಶಾಟಿನ ಪುಟದಲ್ಲಿ ದುಂಡಗಿನ ಅಕ್ಷರಗಳಿದ್ದವು: ಭಾನುವಾರ, ಬೆಳಿಗ್ಗೆ ಎಂಟೂ ಮೂವತ್ತೈದು. ಎಡ ಜಡೆ ಮುಂದೆ. ಮೇಲಿನ ಗುಂಡಿ ಹಾಕಿದೆ. ಪತ್ರ ಬಲಗೈ. ಗಡಿಯಾರ ನಾಲ್ಕು ಹತ್ತಕ್ಕೆ ತಿರುಗಿಸಬೇಕು, ಆಮೇಲೆ ಮರೆಯದೆ ಸರಿಮಾಡಬೇಕು.

ಹೆಡ್‌ಮಿಸ್ ಆ ಪುಟವನ್ನು ಎರಡು ಸಲ ಓದಿದರು.

“ಶುಕ್ರವಾರ ಇದರ ಹಿಂದಿನ ಶಾಟ್ ನಾಲ್ಕು ಹತ್ತಕ್ಕೆ ಮುಗಿದಿತ್ತು, ಮಿಸ್,” ಎಂದಳು ಆಕ್ಷನ್, ಅಳು ನುಂಗಿಕೊಳ್ಳುತ್ತ. “ಹೊಂದಬೇಕಲ್ಲ, ಅದಕ್ಕೆ ತಿರುಗಿಸಿದ್ವಿ. ಗಂಟೆಯಣ್ಣ ಸುಮ್ನೆ ತಮ್ಮ ಕೆಲಸಕ್ಕೆ ಹೊರಗೆ ಬಂದ್ರು. ಆ್ಯಕ್ಟ್ ಮಾಡ್ತಿದ್ದೋಳು ನಿಜವಾಗ್ಲೂ ಬೆಚ್ಚಿಬಿದ್ಲು. ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರ್ಲಿಲ್ಲ, ಅದಕ್ಕೇ ಇಟ್ಕೊಂಡ್ವಿ.”

ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಉತ್ತರ ಬಿಕ್ಕುತ್ತ ಬಿಕ್ಕುತ್ತ ಬಂತು. ರಜಾದಿನ ಮಕ್ಕಳು ಶಾಲೆಯೊಳಗೆ ಕಾಲಿಡಕೂಡದು ಎಂಬುದು ಮಂಡಳಿಯ ಕಟ್ಟಪ್ಪಣೆ. ಭಾನುವಾರ ತೊಟ್ಟಿಗೆ ನೀರು ಬಿಡಲು ಬಂದಿದ್ದ ಗಂಟೆಯಣ್ಣನನ್ನು ಇವರು ಗೇಟಿನ ಹೊರಗೆ ನಿಂತು ಕಾಡಿ ಬೇಡಿ, ಅರ್ಧ ಗಂಟೆಗೆಂದು ಒಳಗೆ ಬಂದಿದ್ದರು. ಪ್ರದರ್ಶನದ ಮರುದಿನ ಅವನು ಇವಳನ್ನು ಕರೆದು ಹೇಳಿದ್ದನಂತೆ: ಕದಿಯದೇ ಇರುವವನನ್ನು ಕಳ್ಳ ಅಂದರೆ ಎಷ್ಟು ದಿನ ಅಂದಾರು, ಬಿಟ್ಟುಬಿಡುತ್ತಾರೆ. ಗೇಟು ತೆರೆದದ್ದು ಗೊತ್ತಾದರೆ ಮಾತ್ರ ಕೆಲಸ ಹೋದ ಹಾಗೇ, ನಿಮ್ಮ ಸಿನಿಮಾವನ್ನೂ ಸ್ಪರ್ಧೆಗೆ ಕಳಿಸುವುದಿಲ್ಲ, ಸುಮ್ಮನಿದ್ದುಬಿಡಿ.

ಹೀಗೆ ಅವನನ್ನು ಉಳಿಸಲು ಇವಳು, ಇವರನ್ನು ಉಳಿಸಲು ಅವನು, ಇಬ್ಬರೂ ಸೇರಿ ಮುಳುಗುತ್ತಿದ್ದರು.

“ಮತ್ತೆ ಆ ಕಟ್ಟು?” ಎಂದು ಪತ್ತೇದಾರಮ್ಮ ಕೇಳಿದ್ದು ಹುಡುಗಿಯನ್ನು. ಉತ್ತರ ಕೊಟ್ಟವರು ಹೆಡ್‌ಮಿಸ್. ಅವರು ಹಣೆ ಚಚ್ಚಿಕೊಂಡರು.

“ನನ್ನ ಕೋಣೆ ಪರದೆ. ಒಗೆದು ತಾ ಅಂತ ನಾನೇ ಹೇಳಿದ್ದೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಶುಭ್ರವಾಗಿ ತೂಗು ಹಾಕಿತ್ತು. ಅದರ ಕೆಳಗೇ ಕೂತ್ಕೊಂಡು ಅವನನ್ನ ಕೆಲಸದಿಂದ ತೆಗೆಯೋ ಕಾಗದಕ್ಕೆ ಸಹಿ ಹಾಕಿದ್ದೀನಿ.”

ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎನ್ನುತ್ತಾರಲ್ಲ, ಪತ್ತೇದಾರಮ್ಮನಿಗೆ ಆ ಹೊತ್ತು ಹಾಗೇ ಆಯಿತು.  ಹುಡುಗಿಗೆ ತಮ್ಮ ಕರವಸ್ತ್ರ ಕೊಟ್ಟು, ಮೂಗು ಒರೆಸಿಕೊ, ನಿರ್ದೇಶಕರು ಹೀಗೆ ಸುರಿಸಿಕೊಂಡು ಕೂರಬಾರದು ಎಂದು ಗದರಿದರು.

*

ಕಾರ್ಯದರ್ಶಿಯವರನ್ನು ಒಪ್ಪಿಸುವುದೇನೂ ಸಲೀಸಾಗಿರಲಿಲ್ಲ. ಇನ್ನೂರು ಜನರ ಮುಂದೆ ಎದ್ದು ಕೈ ತೋರಿಸಿದವರು ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕು? ನೋಟ್‌ಬುಕ್ ಮಕ್ಕಳು ಆಮೇಲೆ ಬರೆದದ್ದಿರಬಹುದು ಎಂದು ವಾದಿಸಿದರು. ಪತ್ತೇದಾರಮ್ಮ ವಾದಕ್ಕೆ ನಿಲ್ಲದೆ ಅವರ ತೋಳು ಹಿಡಿದು ವರಾಂಡಕ್ಕೆ ಕರೆತಂದು, ಬಿಸಿಲು ತೋರಿಸಿ ಸ್ವಾಮಿ, ಅಂದರು. ಕಾರ್ಯದರ್ಶಿ ಅತ್ತ ಇತ್ತ ನೋಡಿ, ಕೆಮ್ಮಿ, ಜೇಬಿನಿಂದ ದೂರಿನ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. ಚೂರುಗಳನ್ನು ಮತ್ತೆ ಜೇಬಿಗೇ ಹಾಕಿಕೊಂಡರು. ಗೇಟಿನ ವಿಷಯ ಈ ಸಲಕ್ಕೆ ಬಿಟ್ಟಿದ್ದೇನೆ ಎಂದು ಒಂದು ಮಾತು ಸೇರಿಸಲು ಮಾತ್ರ ಮರೆಯಲಿಲ್ಲ.

ಗಂಟೆಯಣ್ಣ ಬೆಳಿಗ್ಗೆಯಿಂದ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಕರೆಸಿದಾಗ ಲೈಬ್ರರಿಯ ಹೊಸ್ತಿಲಲ್ಲೇ ನಿಂತ. ಐವತ್ತೈದರ ಆಸುಪಾಸಿನ ಸಣಕಲು ಆಳು, ಇಸ್ತ್ರಿಯ ಗೆರೆ ಕೆಡದ ಅಂಗಿ. ಕೆಲಸದಿಂದ ತೆಗೆದ ಮೇಲೂ ಅವನು ಸಮವಸ್ತ್ರ ಹಾಕಿಕೊಂಡೇ ಬಂದಿದ್ದ.

“ಒಳಗೆ ಬನ್ನಿ. ಕೂತ್ಕೊಳ್ಳಿ,” ಎಂದರು ಹೆಡ್‌ಮಿಸ್. ಹದಿನೆಂಟು ವರ್ಷ ನೀನು, ತಾನು ಎಂದವರು ಮೊದಲ ಸಲ ಬಹುವಚನ ಬಳಸಿದ್ದು ಎಲ್ಲರಿಗೂ ಕೇಳಿಸಿತು. ಗಂಟೆಯಣ್ಣನಿಗೆ ಅದರಿಂದ ಗಾಬರಿಯೇ ಆಯಿತು, ಹಿಂದೆ ಬೇರೆ ಯಾರಾದರೂ ಬಂದಿದ್ದಾರೋ ಎಂದು ತಿರುಗಿ ನೋಡಿದ. ಆಮೇಲೆ ವಿಷಯ ತಿಳಿದು ಕುರ್ಚಿಯ ಮೇಲೆ ಕುಸಿದು ಕೂತ. ಅವನು ಅಳಲಿಲ್ಲ. ಎರಡೂ ಕೈಯಿಂದ ಮೊಣಕಾಲು ಒತ್ತಿಕೊಂಡು, ಮನೆಗೆ ಒಂದು ಫೋನ್ ಮಾಡಬಹುದಾ ಎಂದು ಕೇಳಿದ.

ಫೋನಿನಲ್ಲಿ ಹೆಂಡತಿಗೆ ಹೇಳಿದ್ದು ಎರಡೇ ಮಾತು: “ಎಲ್ಲಾ ಸರಿಹೋಯ್ತು. ಊಟ ಮಾಡು.”

ಹೆಡ್‌ಮಿಸ್ ಕಿಟಕಿಯ ಕಡೆ ತಿರುಗಿ ನಿಂತರು. ಯಾರೋ ಟೀ ತಂದರು. ಗಂಟೆಯಣ್ಣ ಆಕ್ಷನ್ ಕಡೆ ನೋಡಿ, ಬಾಯಿ ಬಿಟ್ಟೇಬಿಟ್ಟೆಯಲ್ಲಾ ಪುಟ್ಟಿ ಎಂದು ಹುಸಿ ಮುನಿಸು ತೋರಿಸಿದ. ಅವಳು ಅಳುತ್ತಲೇ ನಕ್ಕಳು. ಆ ಲೈಬ್ರರಿಯಲ್ಲಿ ಒಂದು ವಾರದ ಮೇಲೆ ಯಾರೋ ನಕ್ಕದ್ದು ಅದೇ ಮೊದಲು.

ಪತ್ತೇದಾರಮ್ಮ ಒಂದು ಬಿಳಿ ಹಾಳೆ ಎಳೆದುಕೊಂಡರು. ನಡೆದದ್ದನ್ನು ಬರೆದು ಕೈಗೆ ಕೊಟ್ಟರೆ ಸಾಕು, ಗಂಟೆಯಣ್ಣ ಸೋಮವಾರ ಮೊದಲ ಗಂಟೆ ಬಾರಿಸಬಹುದು ಎಂದಿದ್ದರು ಕಾರ್ಯದರ್ಶಿ. ಪತ್ತೇದಾರಮ್ಮ ಬರೆಯುತ್ತ ಹೋದರು. ‘ಸದರಿ ದೃಶ್ಯವನ್ನು ಮಕ್ಕಳು ಭಾನುವಾರ ಬೆಳಿಗ್ಗೆ ಮತ್ತೊಮ್ಮೆ ಚಿತ್ರೀಕರಿಸಿದ ಕಾರಣವೇನೆಂದರೆ...’

“ಕಾರಣ ಏನಮ್ಮ?” ಎಂದು ತಲೆಯೆತ್ತದೆ ಕೇಳಿದರು. “ಶುಕ್ರವಾರ ಒಂದು ಸಲ ತೆಗೆದಿದ್ರಲ್ಲ?”

“ಅದು ಹಾಳಾಯ್ತು, ಮಿಸ್. ಹಿಂದೆ ಬಾಗಿಲು ತೆಗೀತು.”

ಲೇಖನಿ ನಿಂತಿತು.

“ಯಾವ ಬಾಗಿಲು?”

“ಹೆಡ್‌ಮಿಸ್ ಬಾಗಿಲೇ. ನಮಗೆ ನಾಲ್ಕು ಗಂಟೆವರೆಗೆ ಮಾತ್ರ ಅನುಮತಿ ಇತ್ತು, ಹತ್ತು ನಿಮಿಷ ಜಾಸ್ತಿ ಆಗಿತ್ತು. ಹೆಡ್‌ಮಿಸ್ ಬಂದ್ರು ಅಂದ್ಕೊಂಡು ಎಲ್ಲರೂ ಮೆಟ್ಟಿಲ ಕಡೆ ಓಡಿಬಿಟ್ವಿ. ಆಮೇಲೆ ಬಂದು ಶೂಟಿಂಗ್ ಮಾಡ್ತಿದ್ದ ಫೋನ್ ತಗೊಂಡ್ವಿ.”

“ನಾಲ್ಕರಿಂದ ನಾಲ್ಕೂವರೆವರೆಗೆ ನಾನು ಮೇಲಿನ ಮಹಡಿಯಲ್ಲಿ ಮೀಟಿಂಗ್‌ನಲ್ಲಿದ್ದೆ,” ಎಂದರು ಹೆಡ್‌ಮಿಸ್, ನಿಧಾನವಾಗಿ.

 ಹಾಳಾದ ಶಾಟ್ ಎಂದರೆ ಮಕ್ಕಳ ಪಾಲಿಗೆ ತೆಗೆದೇ ಇಲ್ಲದ ಶಾಟ್. ಅದರಲ್ಲಿ ಸಿನಿಮಾಕ್ಕೆ ಬೇಕಾದ್ದೇನೂ ಇರಲಿಲ್ಲ, ಹಾಗಾಗಿ ಅದರಲ್ಲಿ ಏನೂ ಇರಲಿಲ್ಲ. ದೊಡ್ಡವರು ಅದಕ್ಕಿಂತ ಜಾಣರೇನಲ್ಲ. ಗಂಟೆಯಣ್ಣ ಸಿಕ್ಕಿದ ಮೇಲೆ ಬೇರೆ ಯಾರಾದರೂ ಬಂದಿದ್ದರೇ ಎಂದು ಈ ಮಕ್ಕಳನ್ನು ಯಾರೊಬ್ಬರೂ ಕೇಳಿರಲಿಲ್ಲ. ಪತ್ತೇದಾರಮ್ಮ ತಮ್ಮನ್ನೂ ಸೇರಿಸಿಯೇ ಬೈದುಕೊಂಡರು.

“ನೀವೆಲ್ಲ ಓಡಿದಾಗ ಫೋನ್?”

“ಸ್ಟ್ಯಾಂಡ್ ಮೇಲೆ ಹಾಗೇ ಇತ್ತು. ರೆಕಾರ್ಡ್ ಆಗ್ತಾನೇ ಇತ್ತು. ನಾವು ಏನೂ ಅಳಿಸಲ್ಲ ಮಿಸ್, ತಪ್ಪುಗಳನ್ನೆಲ್ಲ ಸೇರಿಸಿ ವರ್ಷದ ಕೊನೆಗೆ ನಗೋಕೆ ಅಂತ ಇಟ್ಕೋತೀವಿ. ಎಡಿಟಿಂಗ್ ಮಾಡೋಳ ಮನೆ ಕಂಪ್ಯೂಟರ್‌ನಲ್ಲಿದೆ. ಅದನ್ನ ಯಾರೂ ತೆಗೆದು ನೋಡಿಲ್ಲ. ಫೋನ್ ಮಾಡಿದ್ರೆ ಈಗಲೇ ಕಳಿಸ್ತಾಳೆ.”

ಮಾಡು ಎಂದು ಹೆಡ್‌ಮಿಸ್ ತಮ್ಮ ಫೋನನ್ನೇ ಕೊಟ್ಟರು. ಆಕ್ಷನ್ ವರಾಂಡಕ್ಕೆ ಓಡಿದಳು. ಹೊರಗಿನಿಂದ ಅವಳ ದನಿ, ಈಗ ಪೂರ್ತಿ ಗಂಟಲು ಬಿಟ್ಟು, ಕೇಳಿಸುತ್ತಿತ್ತು.

ಗಂಟೆಯಣ್ಣ ಟೀ ಲೋಟವನ್ನು ಮೇಜಿನ ಮೇಲಿಟ್ಟ. ಅರ್ಧವೂ ಕುಡಿದಿರಲಿಲ್ಲ.

“ಅದರಲ್ಲಿ ಮುಖ ಕಾಣುತ್ತಾ, ಅಮ್ಮ?”

ಪತ್ತೇದಾರಮ್ಮ ಅವನನ್ನು ನೋಡಿದರು. ಯಾರಿರಬಹುದು ಎಂದು ಅವನು ಕೇಳಿರಲಿಲ್ಲ. ನಿರಪರಾಧಿ ಮೊದಲು ಕೇಳುವ ಪ್ರಶ್ನೆ ಅದು.

ನೋಡಿದ ಮೇಲೆ ಗೊತ್ತಾಗುತ್ತದೆ ಎಂದರು.

ಗಂಟೆಯಣ್ಣ ಎದ್ದು ನಿಂತ. ಅಂಗಿಯ ತುದಿ ಎಳೆದು ಸರಿಮಾಡಿಕೊಂಡ. ಅವರ ಮುಂದಿದ್ದ ಹಾಳೆಯ ಕಡೆ ಕೈ ತೋರಿಸಿ, ಅದನ್ನು ಹರಿದುಬಿಡಿ ಎಂದ.

“ಇನ್ನೊಂದು ಹಾಳೆ ತಗೊಳ್ಳಿ. ನಾನು ಹೇಳ್ತೀನಿ, ಬರ್ಕೊಳ್ಳಿ. ಆ ಪ್ರಶ್ನೆಪತ್ರಿಕೆ ಕಟ್ಟು ತಗೊಂಡಿದ್ದು ನಾನೇ. ಶುಕ್ರವಾರವೇ ತಗೊಂಡೆ.”

ಹೆಡ್‌ಮಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡರು. 

ಹೇಗೆ ತಗೊಂಡಿರಿ ಎಂದು ಪತ್ತೇದಾರಮ್ಮ ಶಾಂತವಾಗಿ ಕೇಳಿದರು. ಬೀರುವಿನ ಬೀಗ ಮುರಿದು ಎಂದ. ಬೀಗ ಮುರಿದೇ ಇರಲಿಲ್ಲ. ಕದ್ದವರು ಮೊಳೆಗೆ ತೂಗುಹಾಕಿದ್ದ ಬೀಗದ ಕೈಯಿಂದ ತೆರೆದು, ಮತ್ತೆ ಹಾಕಿ, ಕೈಯನ್ನು ಅದೇ ಮೊಳೆಗೆ ಸಿಕ್ಕಿಸಿದ್ದರು. ಪತ್ತೇದಾರಮ್ಮ ಮೂವತ್ತೆರಡು ವರ್ಷ ಟೈಪ್ ಮಾಡಿದ ಹೇಳಿಕೆಗಳಲ್ಲಿ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳುಗಳೇ ಹೆಚ್ಚು. ಸಿಕ್ಕಿಹಾಕಿಕೊಳ್ಳಲು ಸುಳ್ಳು ಹೇಳುವವರು ಎಲ್ಲೋ ಒಬ್ಬಿಬ್ಬರು. ಅವರ ಕಣ್ಣಲ್ಲಿ ಭಯ ಇರುತ್ತದೆ, ಆ ಭಯ ತಮಗಾಗಿ ಅಲ್ಲ.

“ಯಾರನ್ನ ಕಾಪಾಡ್ತಾ ಇದ್ದೀರಿ?”

“ಯಾರನ್ನೂ ಇಲ್ಲ, ಅಮ್ಮ.”

ಅಷ್ಟರಲ್ಲಿ ಆಕ್ಷನ್ ಓಡುತ್ತ ಒಳಗೆ ಬಂದಳು. ವಿಡಿಯೋ ಬಂದಿದೆ ಎಂದು ಫೋನನ್ನು ಮೇಜಿನ ನಡುವೆ ಇಟ್ಟಳು. ಪುಟ್ಟ ಪರದೆಯ ಮೇಲೆ ಬಿಸಿಲಿಲ್ಲದ ವರಾಂಡ, ನಾಲ್ಕು ಹತ್ತರ ಗಡಿಯಾರ, ಅರ್ಧ ತೆರೆದ ಬಾಗಿಲು. ಬಾಗಿಲ ಅಂಚನ್ನು ಒಳಗಿನಿಂದ ಹಿಡಿದ ನಾಲ್ಕು ಬೆರಳು.

ಪತ್ತೇದಾರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು. ಆ ಬೆರಳುಗಳ ಗುರುತು ಸಿಕ್ಕವನ ಹಾಗೆ, ಅವರಿಗಿಂತ ಮೊದಲೇ ಗಂಟೆಯಣ್ಣ ಅಂಗೈಯಿಂದ ಪರದೆ ಮುಚ್ಚಿದ.

“ನಾನೇ ಅಂತ ಒಪ್ಕೊಂಡೆನಲ್ಲ, ಅಮ್ಮ,” ಎಂದ. “ಇನ್ನು ಇದರಲ್ಲಿ ನೋಡೋದೇನಿದೆ?”